ಕಲ್ಲಿನ ಬಿಲ್ಲು, ಕೈಯ ಬಿಲ್ಲು: ಬಿಲ್ಲುವಿದ್ಯೆಯ ಮೊದಲ ಪಾಠಗಳಿಂದ ಸೂಳಗಿರಿ ಸೀಮೆಯ ವೀರಗಲ್ಲು ಓದುವ ಪ್ರಯತ್ನ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಭಾಗವಿದೆ.)

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಈ ಪ್ರಬಂಧ ಹುಟ್ಟಿದ್ದೇ ಆ ತಪ್ಪಿನಿಂದ.

ಎಂ.ಎ. ಓದುವಾಗ ನಮ್ಮ ಸೀಮೆಯ ವೀರಗಲ್ಲುಗಳ ಮೇಲೆ ಒಂದು ಕಿರು ಪ್ರಬಂಧ ಬರೆದಿದ್ದೆ. ಅದರಲ್ಲಿ ಒಂದು ಕಲ್ಲಿನ ವಿವರಣೆ ಹೀಗಿತ್ತು: ‘ವೀರನು ಎಡಗೈಯಲ್ಲಿ ಬಿಲ್ಲು, ಬಲಗೈಯಲ್ಲಿ ಕತ್ತಿ ಹಿಡಿದು ಶತ್ರುಗಳ ಮೇಲೆ ಬಾಣ ಬಿಡುತ್ತಿದ್ದಾನೆ.’ ಅಂಕ ಬಂತು, ಪ್ರಬಂಧ ಕಪಾಟು ಸೇರಿತು. ಒಂದು ವರ್ಷದ ನಂತರ ಅದೇ ಕಲ್ಲಿನ ಫೋಟೋವನ್ನು ನಮ್ಮೂರಿನ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಓದು ಬರಹ ಕಲಿತವರಲ್ಲ. ಫೋನು ಕಣ್ಣ ಹತ್ತಿರ ಹಿಡಿದು ನೋಡಿ ಕೇಳಿದ್ರು: “ಬಲಗೈಲಿ ಕತ್ತಿ ಅದೆ, ಎಡಗೈಲಿ ಬಿಲ್ಲದೆ. ಹೆದೆ ಎಳೆಯೋದು ಯಾವ ಕೈಲಿ ಮಗಾ, ಬಾಯಲ್ಲಾ?”

ನನಗೆ ಉತ್ತರ ಇರಲಿಲ್ಲ. ಶಾಸನದ ಸಾಲುಗಳನ್ನು ಓದೋದು ಕಲಿತಿದ್ದೆ, ಲಿಪಿ ಕಲಿತಿದ್ದೆ, ಕಾಲ ನಿರ್ಣಯ ಮಾಡೋದು ಕಲಿತಿದ್ದೆ. ಆದರೆ ಕಲ್ಲಿನಲ್ಲಿ ನಿಂತವನ ಕೈ ಏನು ಮಾಡ್ತಿದೆ ಅಂತ ನೋಡಿರಲೇ ಇಲ್ಲ. ಬಿಲ್ಲು ಹಿಡಿಯೋದು ಹೇಗೆ ಅಂತ ಗೊತ್ತಿಲ್ಲದೆ ಬಿಲ್ಲುಗಾರನ ಬಗ್ಗೆ ಬರೆದಿದ್ದೆ. ಆಮೇಲೆ ಒಂದು ಬೇಸಿಗೆ ಪೂರ್ತಿ ಆ ಹಿರಿಯರ ಹತ್ತಿರ ಬಿಲ್ಲಿನ ಮೊದಲ ಪಾಠ ಕಲಿತೆ. ಕಲಿತ ಮೇಲೆ ಕಲ್ಲುಗಳು ಹೇಗೆ ಬೇರೆಯಾಗಿ ಕಂಡವು ಅನ್ನೋದೇ ಇವತ್ತಿನ ವಿಷಯ.

1. ಸೀಮೆ

ಸೂಳಗಿರಿ ಗೊತ್ತಿಲ್ಲದವರಿಗಾಗಿ ಎರಡು ಮಾತು. ಬೆಂಗಳೂರಿನಿಂದ ಚೆನ್ನೈ ಕಡೆ ಹೋಗುವವರು ಹೊಸೂರು ದಾಟಿ ಕೃಷ್ಣಗಿರಿ ಮುಟ್ಟುವ ಮೊದಲು ಹೆದ್ದಾರಿ ಪಕ್ಕದಲ್ಲಿ ಶೂಲದ ಹಾಗೆ ಮೊನೆಯೆದ್ದ ಒಂದು ಬೆಟ್ಟ ನೋಡಿರ್ತೀರಿ. ಅದರ ಬುಡದ ಊರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು, ಹೀಗೆ ಮೂರು ಭಾಷೆ ಒಂದೇ ಬಾಯಲ್ಲಿ ಇರುವ ಸೀಮೆ. ಆಡಳಿತದ ಗೆರೆ ಇಲ್ಲಿ ಪದೇ ಪದೇ ಅಳಿಸಿ ಬರೆದದ್ದು. ಬಾರಾಮಹಲು 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕಂಪನಿಗೆ ಹೋಯಿತು. ಹೊಸೂರು ಕಡೆಯ ಮೇಲುಸೀಮೆ 1799ರಲ್ಲಿ ಹೋಯಿತು. ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ.

ಅದಕ್ಕೂ ಹಿಂದೆ ಗಂಗರು, ನೊಳಂಬರು, ಪಲ್ಲವರು, ಚೋಳರು ಈ ನೆಲದ ಮೇಲೆ ಒಬ್ಬರಿಗೊಬ್ಬರು ಎದುರಾದವರು. ಹೊಯ್ಸಳರ ಕಾಲಕ್ಕೆ ಬಂದರೆ, ಸೋಮೇಶ್ವರನ ನಂತರ 1254ರಲ್ಲಿ ರಾಜ್ಯ ಎರಡಾಗಿ, ಮೂರನೇ ನರಸಿಂಹ ದೋರಸಮುದ್ರದಲ್ಲೂ ರಾಮನಾಥ ಕಣ್ಣನೂರಿನಲ್ಲೂ ಆಳಿದರು. ಕಣ್ಣನೂರು ಕೈಬಿಟ್ಟ ಮೇಲೆ ರಾಮನಾಥ ನೆಲೆಯೂರಿದ್ದು ನಮ್ಮ ಸೀಮೆಯ ಕುಂದಾಣಿಯಲ್ಲಿ. ಅಂದ್ರೆ ಗಡಿ ಅನ್ನೋದು ಇಲ್ಲಿ ಇತ್ತೀಚಿನ ಪದ ಅಲ್ಲ. ಗಡಿ ಇದ್ದಲ್ಲಿ ದನ ಹೊಡೆದುಕೊಂಡು ಹೋಗೋದೂ ಇತ್ತು, ಬಿಡಿಸಿ ತರೋದೂ ಇತ್ತು. ಬಿಡಿಸಲು ಹೋಗಿ ಸತ್ತವನಿಗೆ ಕಲ್ಲು ನೆಡೋದೂ ಇತ್ತು. ಕನ್ನಡ ಶಾಸನಗಳು ಇದನ್ನು ತುಱುಗೋಳು ಅಂತ ಕರೆಯುತ್ತವೆ. ಹಳೆಯ ತಮಿಳು ಲಕ್ಷಣಕಾರರು ದನ ಹೊಡೆಯೋದಕ್ಕೆ ವೆಟ್ಚಿ, ಬಿಡಿಸೋದಕ್ಕೆ ಕರಂದೈ ಅಂತ ಹೂವಿನ ಹೆಸರಿಟ್ಟು ಎರಡು ತಿಣೈಗಳನ್ನೇ ಮಾಡಿದರು. ನಾವು ವೀರಗಲ್ಲು ಅನ್ನೋದನ್ನು ಪಕ್ಕದ ಹಳ್ಳಿಯವರು ನಡುಕಲ್ ಅಂತಾರೆ. ಕಲ್ಲು ಒಂದೇ.

ಧರ್ಮಪುರಿ, ಚೆಂಗಂ ಕಡೆಗೆ ಹೋದರೆ ಇನ್ನೊಂದು ವಿಶೇಷ. ಹೊಲದ ಬದುವಿನಲ್ಲಿರುವ ಇಂಥ ಕಲ್ಲುಗಳನ್ನು ಜನ ವೇಡಿಯಪ್ಪನ್ ಅಂತ ಪೂಜೆ ಮಾಡ್ತಾರೆ. ವೇಡನ್ ಅಂದ್ರೆ ನಮ್ಮ ಬೇಡ. ಶಾಸನದ ಅಕ್ಷರ ಯಾರಿಗೂ ಓದಲು ಬಾರದೆ ಹೋದ ಮೇಲೂ ಕೈಯಲ್ಲಿದ್ದ ಬಿಲ್ಲನ್ನು ಮಾತ್ರ ಜನ ಓದಿದ್ದಾರೆ, ಬಿಲ್ಲಿನಿಂದಲೇ ದೇವರಿಗೆ ಹೆಸರಿಟ್ಟಿದ್ದಾರೆ. ಈ ಮಾತು ಮನಸ್ಸಿನಲ್ಲಿರಲಿ, ಕೊನೆಗೆ ಮತ್ತೆ ಬರ್ತೀನಿ.

2. ಕಲಿಕೆ

ನನಗೆ ಕಲಿಸಿದವರನ್ನು ಊರಲ್ಲಿ ನಾವೆಲ್ಲ ತಾತ ಅಂತಲೇ ಕರೆಯೋದು. ಚಿಕ್ಕಂದಿನಲ್ಲಿ ರಾಗಿ, ಅವರೆ ಹೊಲದ ಕಾವಲಿಗೆ ಅಟ್ಟಣಿಗೆ ಮೇಲೆ ಕೂರ್ತಿದ್ದವರು. ಅವರ ಕೈಯಲ್ಲಿದ್ದದ್ದು ಬಾಣದ ಬಿಲ್ಲಲ್ಲ, ಮಣ್ಣಿನ ಉಂಡೆ ಹೊಡೆಯುವ ಬಿಲ್ಲು. ಎರಡು ಎಳೆಯ ಹೆದೆ, ನಡುವೆ ಒಂದು ಪುಟ್ಟ ಪಟ್ಟಿ, ಪಟ್ಟಿಯಲ್ಲಿ ಬಿಸಿಲಿಗೆ ಒಣಗಿಸಿದ ಉಂಡೆ. ಬಿಡುವ ಹೊತ್ತಿಗೆ ಬಿಲ್ಲು ಹಿಡಿದ ಮಣಿಕಟ್ಟನ್ನು ಚೂರು ಹೊರಕ್ಕೆ ತಿರುಗಿಸಬೇಕು. ಇಲ್ಲದಿದ್ದರೆ ಉಂಡೆ ಬಂದು ನಿಮ್ಮ ಹೆಬ್ಬೆರಳಿಗೇ ಬಡಿಯುತ್ತೆ. ನನ್ನ ಎಡ ಹೆಬ್ಬೆರಳು ಮೊದಲ ವಾರವೇ ನೀಲಿಯಾಯಿತು. ತಾತ ನಕ್ಕು, “ಗಿಳಿಗೆ ಹೊಡೆಯೋಕೆ ಮುಂಚೆ ಎಲ್ರೂ ತಮಗೇ ಹೊಡ್ಕೋತಾರೆ” ಅಂದ್ರು.

ಆಮೇಲೆ ಬಾಣದ ಬಿಲ್ಲು. ಅವರ ಅಪ್ಪನ ಕಾಲದಲ್ಲಿ ಮನೆಯಲ್ಲಿತ್ತಂತೆ, ಅದರ ಅಳತೆ ಅವರಿಗೆ ನೆನಪಿತ್ತು. ಬಲಿತ ಬಿದಿರನ್ನು ಸೀಳಿ, ತುದಿಗಳನ್ನು ಸಣ್ಣಗೆ ಹೆರೆದು, ನಡುವೆ ಹಿಡಿಗೆ ದಪ್ಪ ಬಿಟ್ಟು ಮಾಡಿದೆವು. ಕಲಿತ ಪಾಠಗಳನ್ನು ಒಂದೊಂದಾಗಿ ಹೇಳ್ತೀನಿ, ಯಾಕಂದ್ರೆ ಮುಂದಿನ ವಾದ ನಿಂತಿರೋದು ಇವುಗಳ ಮೇಲೆ.

ಒಂದನೇ ಪಾಠ, ಹೆದೆ ಏರಿಸೋದು. ಬಿಲ್ಲಿನ ಕೆಳತುದಿ ಪಾದಕ್ಕೆ ಒತ್ತಿ, ಹೊಟ್ಟೆಯನ್ನು ತೊಡೆಗೆ ಕೊಟ್ಟು ಬಾಗಿಸಿ, ಮೇಲಿನ ಕಚ್ಚಿಗೆ ಕುಣಿಕೆ ಜಾರಿಸಬೇಕು. ಕೆಲಸ ಮುಗಿದ ತಕ್ಷಣ ಇಳಿಸಬೇಕು. ಹೆದೆ ಏರಿಸಿಯೇ ಇಟ್ಟರೆ ಬಿದಿರು ಬಾಗಿದ ಹಾಗೇ ನಿಂತು ಬಲ ಕಳೆದುಕೊಳ್ಳುತ್ತೆ. ಹಾಗಾಗಿ ಬಿಲ್ಲು ಹೆಚ್ಚು ಕಾಲ ಒಂದು ಕೋಲು, ಸ್ವಲ್ಪ ಹೊತ್ತು ಮಾತ್ರ ಬಿಲ್ಲು. ವಿರಾಟಪರ್ವದಲ್ಲಿ ಪಾಂಡವರು ಬನ್ನಿಮರದಲ್ಲಿ ಆಯುಧ ಬಚ್ಚಿಡುವ ಮೊದಲು ಒಬ್ಬೊಬ್ಬರೂ ಬಿಲ್ಲಿನ ಹೆದೆ ಇಳಿಸುವ ಪ್ರಸಂಗ ಬರುತ್ತಲ್ಲ, ಅದನ್ನು ನಾನು ದುಃಖದ ಸೂಚನೆ ಅಂತ ಓದಿದ್ದೆ. ಒಂದು ವರ್ಷ ಇಡಬೇಕಾದ ಬಿಲ್ಲಿಗೆ ಅದು ಸರಿಯಾದ ಉಪಚಾರ ಅಂತ ಈಗ ಗೊತ್ತಾಯ್ತು.

ಎರಡನೇ ಪಾಠ, ಹೆದೆಯ ನಾರು. ಕೌಟಿಲ್ಯನ ಅರ್ಥಶಾಸ್ತ್ರದ ಆಯುಧಾಗಾರದ ಅಧ್ಯಾಯ ಬಿಲ್ಲುಗಳನ್ನು ತಾಳೆ, ಬಿದಿರು, ಮರ, ಕೊಂಬು ಅಂತ ಪಟ್ಟಿ ಮಾಡುತ್ತೆ. ಹೆದೆಗೆ ಹೇಳುವ ವಸ್ತುಗಳಲ್ಲಿ ಎಕ್ಕ, ಸೆಣಬು, ಬಿದಿರು, ಪ್ರಾಣಿಯ ಸ್ನಾಯು ಎಲ್ಲ ಇವೆ. ಎಕ್ಕದ ಗಿಡ ನಮ್ಮ ಹೆದ್ದಾರಿಯ ಉದ್ದಕ್ಕೂ ಬೆಳೆದಿದೆ, ಯಾರೂ ಮುಟ್ಟಲ್ಲ. ಕಾಂಡ ಕೊಯ್ದು, ಬಾಡಿಸಿ, ತೊಗಟೆ ಸುಲಿದು ನಾರು ಬಿಡಿಸಿದೆ. ಹಾಲು ಕಣ್ಣಿಗೆ ತಾಗಬಾರದು ಅಂತ ತಾತ ಹತ್ತು ಸಲ ಎಚ್ಚರಿಸಿದ್ರು. ಮೊದಲ ಹೆದೆ ಎರಡನೇ ಎಳೆತಕ್ಕೇ ಹರಿಯಿತು. ಮೂರು ಎಳೆ ಹೊಸೆದು ಜೇನುಮೇಣ ಹಚ್ಚಿದ್ದು ನಿಂತಿತು. ಪುಸ್ತಕದ ಒಂದು ಪದ ಕೈಯಲ್ಲಿ ಹಗ್ಗವಾದಾಗ ಆಗುವ ಖುಷಿಯೇ ಬೇರೆ.

ಮೂರನೇ ಪಾಠ, ಬಾಣ ಇಲ್ಲದೆ ಹೆದೆ ಬಿಡಬಾರದು. ಬಾಣಕ್ಕೆ ಹೋಗಬೇಕಾದ ಬಲ ಬಿಲ್ಲಿಗೇ ತಿರುಗಿ ಬಂದು ಬಿದಿರು ಸೀಳುತ್ತೆ. ಹಾಗಾದರೆ ನಮ್ಮ ಕಾವ್ಯಗಳ ವೀರರು ಮಾತುಮಾತಿಗೂ ಜೇವೊಡೆಯುವುದು? ಪೂರ್ತಿ ಎಳೆದು ಬಿಡೋದು ಬೇರೆ, ಹೆದೆಯನ್ನು ಬೆರಳಲ್ಲಿ ಮಿಡಿಯೋದು ಬೇರೆ. ಮಿಡಿದರೆ ಹೆದೆಯ ಬಿಗಿ ಸರಿ ಇದೆಯಾ ಅಂತ ಕಿವಿಗೆ ಗೊತ್ತಾಗುತ್ತೆ. ತಾತ ಪ್ರತಿ ಸಲವೂ ಮಿಡಿದು ನೋಡಿಯೇ ಬಿಲ್ಲನ್ನು ನನಗೆ ಕೊಡ್ತಿದ್ದದ್ದು.

ನಾಲ್ಕನೇ ಪಾಠ, ನಿಲುವು ಮತ್ತು ಎಳೆತ. ಗುರಿಗೆ ಎಡ ಮಗ್ಗುಲು ಕೊಟ್ಟು ನಿಲ್ಲಬೇಕು. ಎಡಗೈ ಬಿಲ್ಲನ್ನು ಹಿಂಡಬಾರದು, ಒತ್ತಬೇಕು ಅಷ್ಟೆ. ಬಲಗೈ ಎಳೆಯೋದು ತೋಳಿಂದಲ್ಲ, ಬೆನ್ನಿಂದ. ಎಡ ಮೊಣಕೈ ಚೂರು ಒಳಗೆ ತಿರುಗಿದ್ದರೂ ಹೆದೆ ಬಂದು ಮುಂಗೈಗೆ ಚಾಟಿ ಏಟು ಕೊಡುತ್ತೆ. ನಮ್ಮ ಧನುರ್ವೇದದ ಪರಂಪರೆ ಇದನ್ನೆಲ್ಲ ಹೆಸರಿಟ್ಟು ವಿಂಗಡಿಸಿದೆ. ಸಮಪದ, ವೈಶಾಖ, ಮಂಡಲ, ಆಲೀಢ, ಪ್ರತ್ಯಾಲೀಢ ಮುಂತಾದ ನಿಲುವುಗಳು ಅಗ್ನಿಪುರಾಣದ ಧನುರ್ವೇದ ಭಾಗದಲ್ಲಿವೆ. 1363ರಲ್ಲಿ ಸಂಕಲನವಾದ ಶಾರ್ಙ್ಗಧರ ಪದ್ಧತಿಯಲ್ಲೂ ಬಿಲ್ಲುವಿದ್ಯೆಯ ಭಾಗವಿದೆ. ಎಳೆತವನ್ನು ಕೂದಲ ಬುಡದವರೆಗೆ, ಕಿವಿಯವರೆಗೆ, ಕತ್ತಿನವರೆಗೆ, ಹೆಗಲವರೆಗೆ ಅಂತ ಈ ಪರಂಪರೆ ಬೇರೆ ಬೇರೆ ಮಾಡುತ್ತೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಂತೂ ರಾಜನ ವಿನೋದಗಳ ಸಾಲಿನಲ್ಲಿ ಮೊದಲನೆಯದೇ ಶಸ್ತ್ರವಿನೋದ. ಆದರೆ ಇವೆಲ್ಲ ಅರಮನೆಯ ಅಂಗಳದ ಬಿಲ್ಲು. ತಾತನ ಬಿಲ್ಲಿಗೆ ನಿಲುವಿನ ಹೆಸರುಗಳಿಲ್ಲ. “ಕಾಲು ಗಟ್ಟಿ ಇಕ್ಕು, ಉಸಿರು ಹಿಡಿ, ಬಿಡುವಾಗ ಬಿಟ್ಟೆ ಅಂತ ನಿಂಗೇ ಗೊತ್ತಾಗಬಾರ್ದು”, ಇಷ್ಟೇ ಅವರ ಧನುರ್ವೇದ.

ಐದನೇ ಪಾಠ, ಬಾಣ. ಗಟ್ಟಿ ಬಾಣವೇ ಒಳ್ಳೆಯದು ಅಂತ ದಪ್ಪ ಕಡ್ಡಿ ಹೆರೆದು ತಂದೆ. ಹೊಡೆದದ್ದೆಲ್ಲ ಎಡಕ್ಕೆ ಹೋಯ್ತು. ತಾತ ತೆಳ್ಳಗಿನ ಕಡ್ಡಿ ಕೊಟ್ಟು ಹೇಳಿದ್ರು: “ಕಡ್ಡಿ ಬಾಗ್ಬೇಕು ಮಗಾ. ಬಾಗದಿರೋದು ನೆಟ್ಟಗೆ ಹೋಗಲ್ಲ.” ಬಿಲ್ಲಿನ ಮೈ ದಾಟುವಾಗ ಬಾಣ ಹಾವಿನ ಹಾಗೆ ಬಳುಕಿ, ದಾಟಿದ ಮೇಲೆ ನೆಟ್ಟಗಾಗುತ್ತೆ. ಹಿಂದಿನ ಗರಿ ಅದನ್ನು ಹಿಡಿದು ನಿಲ್ಲಿಸುತ್ತೆ. ಇಪ್ಪತ್ತು ಹೆಜ್ಜೆ ದೂರದ ಹುಲ್ಲಿನ ಹೊರೆಗೆ ಮೊದಲ ದಿನ ಹನ್ನೆರಡು ಬಾಣ ಬಿಟ್ಟೆ, ಎರಡು ತಾಗಿದವು. ಬೇಸಿಗೆ ಮುಗಿಯುವ ಹೊತ್ತಿಗೆ ಏಳೆಂಟು. ಬಿಲ್ಲುಗಾರ ಆದೆ ಅಂತ ಹೇಳಲ್ಲ. ಬಿಲ್ಲುಗಾರನಿಗೆ ಏನು ಆಗಲ್ಲ ಅನ್ನೋದು ಗೊತ್ತಾಯ್ತು.

3. ಹೆಬ್ಬೆರಳು

ಇಲ್ಲಿ ಒಂದು ಅಡ್ಡದಾರಿ, ಚಿಕ್ಕದು. ನಾನು ಕಲಿಯುವಾಗ ಕೊರಿಯಾದ ಸಾಂಪ್ರದಾಯಿಕ ಬಿಲ್ಲುವಿದ್ಯೆಯ ಬಗ್ಗೆಯೂ ಓದ್ತಿದ್ದೆ. ಅಲ್ಲಿ ಅದು ಇವತ್ತಿಗೂ ನಡೆದುಕೊಂಡು ಬಂದಿದೆ, ಗುರಿಯ ದೂರ 145 ಮೀಟರ್, ಕೊಂಬು ಮತ್ತು ಸ್ನಾಯು ಸೇರಿಸಿ ಮಾಡಿದ ಗಿಡ್ಡ ಬಿಲ್ಲು. 2020ರಲ್ಲಿ ಅಲ್ಲಿನ ಸರ್ಕಾರ ಬಿಲ್ಲು ಹೊಡೆಯುವ ಪದ್ಧತಿಯನ್ನೇ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಹೊಸಬನ ಕೈಗೆ ಒಮ್ಮೆಲೇ ಗುರಿ ಕೊಡಲ್ಲ. ಮೊದಲು ನಿಲುವು, ಬರಿ ಎಳೆತ, ದಾರ ಕಟ್ಟಿದ ಬಾಣ, ಆಮೇಲೆ ಮೈದಾನ. ಹೆದೆ ಎಳೆಯೋದು ಹೆಬ್ಬೆರಳಿಗೆ ಉಂಗುರ ತೊಟ್ಟು, ಹೆಬ್ಬೆರಳಿಂದಲೇ. ಇವತ್ತಿನ ಒಲಿಂಪಿಕ್ಸ್ ಬಿಲ್ಲುಗಾರರು ಎಳೆಯೋದು ತೋರುಬೆರಳು, ನಡುಬೆರಳು, ಉಂಗುರಬೆರಳುಗಳಿಂದ. ತಾತ ಹಿಡೀತಿದ್ದದ್ದು ಹೆಬ್ಬೆರಳು, ತೋರುಬೆರಳುಗಳ ನಡುವೆ ಬಾಣದ ಬುಡ ಚಿವುಟಿ.

ಈ ಮೂರನ್ನೂ ಮಾಡಿ ನೋಡಿದ ಮೇಲೆ ಏಕಲವ್ಯನ ಕಥೆ ನನಗೆ ತಾಂತ್ರಿಕವಾಗಿಯೂ ಅರ್ಥವಾಯ್ತು. ಮೂರು ಬೆರಳಿನ ಎಳೆತದವನಿಗೆ ಹೆಬ್ಬೆರಳು ಹೋದರೆ ಕಷ್ಟ, ಆದರೆ ವಿದ್ಯೆ ಹೋಗಲ್ಲ. ಚಿವುಟುವವನಿಗೆ, ಹೆಬ್ಬೆರಳಿಂದ ಎಳೆಯುವವನಿಗೆ ವಿದ್ಯೆಯೇ ಹೋಯ್ತು. ಮೂಲ ಮಹಾಭಾರತ ಇಲ್ಲಿ ಬಹಳ ನಿಖರ: ಹೆಬ್ಬೆರಳು ಕೊಟ್ಟ ಮೇಲೆ ಏಕಲವ್ಯ ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಆದರೆ ಮೊದಲಿನ ವೇಗ ಉಳಿಯಲಿಲ್ಲ ಅನ್ನುತ್ತೆ. ಅಂದ್ರೆ ಕಥೆ ಕಟ್ಟಿದವರಿಗೆ ಬಿಲ್ಲು ಗೊತ್ತಿತ್ತು. ಏನನ್ನು ಕೇಳಿದರೆ ಏನು ಹೋಗುತ್ತೆ ಅನ್ನೋದು ಕೇಳಿದ ಗುರುವಿಗೂ ಗೊತ್ತಿತ್ತು.

4. ಮತ್ತೆ ಕಲ್ಲಿನ ಎದುರು

ಈಗ ನನ್ನ ತಪ್ಪು ವಾಕ್ಯಕ್ಕೆ ಬರೋಣ. ಎಡಗೈಯಲ್ಲಿ ಬಿಲ್ಲು, ಬಲಗೈಯಲ್ಲಿ ಕತ್ತಿ. ಇದು ಒಂದೆರಡು ಕಲ್ಲಿನ ವಿಚಿತ್ರ ಅಲ್ಲ. ತಮಿಳುನಾಡು ಪುರಾತತ್ವ ಇಲಾಖೆ 1972ರಲ್ಲಿ ಪ್ರಕಟಿಸಿದ ಚೆಂಗಂ ನಡುಕಲ್ಲುಗಳ ಸಂಪುಟದಿಂದ ಬೆಳಕಿಗೆ ಬಂದ ಹಳೆಯ ಕಲ್ಲುಗಳಲ್ಲಿ ಇದು ಪದೇ ಪದೇ ಕಾಣುವ ಭಂಗಿ. ಅನೇಕ ಕಡೆ ಮೈಗೆ ಬಾಣಗಳು ನೆಟ್ಟಿರುತ್ತವೆ. ಶಿಲ್ಪಿಗೆ ಬಿಲ್ಲು ಗೊತ್ತಿರಲಿಲ್ಲ, ಸುಮ್ಮನೆ ಎರಡು ಆಯುಧ ಕೊಟ್ಟುಬಿಟ್ಟ ಅಂತ ಹೇಳೋದು ಸುಲಭ. ನಾನು ಹಾಗೆ ಅಂದುಕೊಳ್ಳಲ್ಲ.

ತುರುಗಾಳಗ ಹೇಗೆ ನಡೆಯುತ್ತೆ ಅಂತ ಯೋಚಿಸಿ. ಮೊದಲು ದೂರದಿಂದ ಬಾಣ. ಆದರೆ ಬಿಡಿಸಿ ತರಬೇಕಾದ್ದು ದನ, ಅವು ಕಳ್ಳರ ಮಧ್ಯೆಯೇ ಇವೆ. ದೂರದಿಂದ ಹೊಡೆಯುತ್ತಾ ಹೋದರೆ ನಿಮ್ಮೂರಿನ ಹಸುವಿಗೇ ತಾಗುತ್ತೆ. ಒಂದು ಹಂತದಲ್ಲಿ ಹತ್ತಿರ ಹೋಗಲೇಬೇಕು. ಹತ್ತಿರ ಹೋದ ಮೇಲೆ ಬಿಲ್ಲು ಕೆಲಸಕ್ಕೆ ಬಾರದು. ಒಂದು ಬಾಣ ತೆಗೆದು, ಹೂಡಿ, ಎಳೆಯುವ ಹೊತ್ತಿಗೆ ಎದುರಿನವನು ಎರಡು ಏಟು ಹಾಕಿರ್ತಾನೆ. ಬಲಗೈ ಹೆದೆ ಬಿಟ್ಟು ಸೊಂಟದ ಕತ್ತಿಗೆ ಹೋಗುತ್ತೆ. ಎಡಗೈಯಲ್ಲಿ ಹೆದೆಯೇರಿದ ಬಿಲ್ಲು ಇದ್ದ ಹಾಗೇ ಇರುತ್ತೆ, ಹೆಗಲಿಗೆ ಹಾಕಿಕೊಳ್ಳಲು, ಇಳಿಸಿಡಲು ಪುರಸೊತ್ತಿಲ್ಲ.

ಆ ಕ್ಷಣವೇ ಕಲ್ಲಿನಲ್ಲಿ ಇರೋದು. ಬಾಣ ಬಿಡುವ ಕ್ಷಣ ಅಲ್ಲ, ಬಾಣ ಬಿಡೋದು ಮುಗಿದ ಕ್ಷಣ. ಬಿಲ್ಲು ಇರುವವನಿಗೆ ದೂರ ಅನ್ನೋದು ರಕ್ಷಣೆ. ದೂರದಲ್ಲೇ ನಿಂತಿದ್ದರೆ ಅವನು ಬದುಕಿ ಮನೆಗೆ ಬರ್ತಿದ್ದ, ಕಲ್ಲೂ ಇರ್ತಿರಲಿಲ್ಲ. ದೂರವನ್ನು ತಾನೇ ದಾಟಿದ, ಅದಕ್ಕೇ ಅವನು ವೀರ. ಬಾಣಗಳು ಎದೆಗೆ, ತೊಡೆಗೆ ಮುಂದಿನಿಂದ ನೆಟ್ಟಿರೋದೂ ಅದೇ ಸಾಕ್ಷಿ, ಬೆನ್ನು ತಿರುಗಿಸಲಿಲ್ಲ ಅಂತ. ಶಾಸನ ‘ತುಱುವಂ ಮಗುೞ್ಚಿ ಸತ್ತ’ ಎನ್ನುವ ಮಾದರಿಯಲ್ಲಿ ಎರಡು ಮೂರು ಪದಗಳಲ್ಲಿ ಮುಗಿಸೋದನ್ನು ಶಿಲ್ಪ ಎರಡು ಕೈಗಳಲ್ಲಿ ಹೇಳಿದೆ. ಎಡಗೈ ಹಿಂದಿನ ಗಳಿಗೆ, ಬಲಗೈ ಮುಂದಿನ ಗಳಿಗೆ. ನಾನು ಎರಡನ್ನೂ ಕಲಸಿ ‘ಬಾಣ ಬಿಡುತ್ತಿದ್ದಾನೆ’ ಅಂತ ಬರೆದಾಗ ಆ ನಿರ್ಧಾರವನ್ನೇ ಅಳಿಸಿಬಿಟ್ಟಿದ್ದೆ.

5. ಬಾಣ ಬಿಟ್ಟವನ ಹೆಸರು

ಕಲ್ಲುಗಳನ್ನು ಹೀಗೆ ಕೈಯಿಂದ ಓದುತ್ತಾ ಹೋದಾಗ ಇನ್ನೊಂದು ವಿಷಯ ಕಾಡಿತು. ವೀರಗಲ್ಲು ಸತ್ತವನ ಹೆಸರು ಹೇಳುತ್ತೆ, ಕೆಲವೊಮ್ಮೆ ನಾಯಿಯ ಹೆಸರೂ ಹೇಳುತ್ತೆ. ಚೆಂಗಂ ಕಡೆಯ ಎಡುತ್ತನೂರಿನ ಕಲ್ಲಿನಲ್ಲಿ ಕೋವಿವನ್ ಅನ್ನುವ ನಾಯಿ ಇದೆ. ನಮ್ಮ ಆತಕೂರಿನ ಶಾಸನದಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಇದೆ. ಆದರೆ ಮೈಗೆ ನೆಟ್ಟ ಬಾಣವನ್ನು ಬಿಟ್ಟವನು ಯಾರು ಅಂತ ಕಲ್ಲು ಹೇಳಲ್ಲ. ಬಾಣ ಅನಾಮಿಕ ಆಯುಧ.

ಇದಕ್ಕೆ ಒಂದು ದೊಡ್ಡ ಉದಾಹರಣೆ ತಕ್ಕೋಲದ ಯುದ್ಧ. 949ರಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಎದುರಿಸಿದ, ರಾಜಾದಿತ್ಯ ಆನೆಯ ಮೇಲೆಯೇ ಸತ್ತ. ಹೇಗೆ ಸತ್ತ? ಶಕ 872ರ ಆತಕೂರು ಶಾಸನ ಅಂಬಾರಿಯೇ ರಣರಂಗವಾಗುವ ಹಾಗೆ ಬೂತುಗ ಇರಿದು ಕೊಂದ ಅನ್ನುತ್ತೆ. ಚೋಳರ ದೊಡ್ಡ ಲೈಡನ್ ತಾಮ್ರಪಟ, ಆನೆಯ ಮೇಲಿದ್ದ ರಾಜಾದಿತ್ಯನ ಎದೆಯನ್ನು ಶತ್ರುವಿನ ಹರಿತವಾದ ಬಾಣಗಳು ಸೀಳಿದವು ಅನ್ನುತ್ತೆ. ಒಂದೇ ಸಾವು, ಎರಡು ಆಯುಧ.

ಯಾವುದು ನಿಜ ಅಂತ ತೀರ್ಪು ಕೊಡೋದಕ್ಕಿಂತ, ಯಾವ ಆಯುಧ ಯಾರಿಗೆ ಬೇಕಿತ್ತು ಅಂತ ಕೇಳೋದು ನನಗೆ ಉಪಯುಕ್ತ ಅನ್ನಿಸುತ್ತೆ. ಗೆದ್ದವರಿಗೆ ಕತ್ತಿ ಬೇಕು, ಕತ್ತಿಗೆ ಒಬ್ಬ ಒಡೆಯ ಇರ್ತಾನೆ, ಅವನಿಗೆ ಊರು ಉಂಬಳಿ ಕೊಡಬಹುದು, ಶಾಸನ ಹಾಕಿಸಬಹುದು. ಸೋತವರಿಗೆ ಬಾಣ ಬೇಕು, ಬಾಣ ದೂರದಿಂದ ಬರುತ್ತೆ. ನಮ್ಮ ರಾಜಕುಮಾರನನ್ನು ಹತ್ತಿರ ಬಂದು ಮುಟ್ಟಿದವನು ಯಾರೂ ಇಲ್ಲ ಅಂತ ಹೇಳಬಹುದು. ಬಿಲ್ಲು ಬರಿ ಆಯುಧ ಅಲ್ಲ, ಹೊಣೆಯನ್ನು ಬೇರೆ ಬೇರೆ ರೀತಿ ಹಂಚುವ ಸಾಧನ. ಅರಿಕೇಸರಿಯನ್ನು ಅರ್ಜುನನಿಗೆ ಸಮೀಕರಿಸಿ 941ರಲ್ಲಿ ಪಂಪ ಕಾವ್ಯ ಬರೆದ. ಅಲ್ಲಿ ಬಿಲ್ಲುಗಾರನಿಗೆ ಹೆಸರಿದೆ, ಹೆಸರಿನ ಮೇಲೆ ಹೆಸರಿದೆ. ಅದೇ ಶತಮಾನದ ಹೊಲದ ಬಿಲ್ಲುಗಾರನಿಗೆ ಇಲ್ಲ. ಬಿಲ್ಲು ಒಂದೇ, ಹಿಡಿದವರು ಬೇರೆ.

6. ಬಿಲ್ಲು ಎಲ್ಲಿಗೆ ಹೋಯ್ತು?

ಕೋವಿ ಬಂತು, ಬಿಲ್ಲು ಹೋಯ್ತು ಅಂತ ಸಾಮಾನ್ಯವಾಗಿ ಹೇಳ್ತೀವಿ. ಯುದ್ಧಕ್ಕೆ ಸಂಬಂಧಪಟ್ಟಂತೆ ಅದು ಸರಿ. ಹಳ್ಳಿಯ ಬಿಲ್ಲಿಗೆ ಅದು ಪೂರ್ತಿ ಉತ್ತರ ಅಲ್ಲ. 1857ರ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ದಂಗೆ ಎದ್ದದ್ದು ಆಯುಧ ಒಪ್ಪಿಸಬೇಕು ಅನ್ನುವ ಆಜ್ಞೆಯ ವಿರುದ್ಧ. ಆಮೇಲೆ ಬಂದ 1878ರ ಆಯುಧ ಕಾಯಿದೆಯ ವ್ಯಾಖ್ಯೆಯಲ್ಲಿ ಬಂದೂಕು, ಕತ್ತಿ, ಈಟಿಗಳ ಜೊತೆಗೆ ಬಿಲ್ಲು ಬಾಣವೂ ಸೇರಿತ್ತು. ಕಾಗದದ ಮೇಲೆ ಬಿಲ್ಲು ಅನುಮಾನದ ವಸ್ತುವಾಯ್ತು. ಸುಮಾರು ನೂರು ವರ್ಷದ ಆಚೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. ಅದು ಬೇಕಿದ್ದ ಕಾಯಿದೆ, ನಾನು ಅದರ ವಿರುದ್ಧ ಮಾತಾಡ್ತಿಲ್ಲ. ಆದರೆ ಗಮನಿಸಿ: ಅದೇ 1972ರಲ್ಲಿ ಮ್ಯೂನಿಕ್‌ನಲ್ಲಿ ಬಿಲ್ಲುಗಾರಿಕೆ ಒಲಿಂಪಿಕ್ಸ್‌ಗೆ ಮರಳಿತು, ಮರುವರ್ಷ ನಮ್ಮ ದೇಶದ ಬಿಲ್ಲುಗಾರಿಕೆ ಸಂಸ್ಥೆ ಹುಟ್ಟಿತು. ಅದೇ 1972ರಲ್ಲಿ ಚೆಂಗಂ ಕಲ್ಲುಗಳ ಪುಸ್ತಕ ಬಂತು. ಮೈದಾನಕ್ಕೆ ಬಿಲ್ಲು ಬಂದ ವರ್ಷ, ಪುಸ್ತಕಕ್ಕೆ ಬಿಲ್ಲು ಬಂದ ವರ್ಷ, ಕಾಡಂಚಿನ ಮನೆಯ ಅಟ್ಟದಿಂದ ಬಿಲ್ಲು ಇಳಿದ ವರ್ಷ, ಮೂರೂ ಒಂದೇ.

ತಾತನ ಮನೆಯ ಬಿಲ್ಲು ಏನಾಯ್ತು ಅಂತ ಕೇಳಿದೆ. ಯಾರಾದರೂ ನೋಡಿ ತೊಂದರೆ ಆದೀತು ಅಂತ ಅವರ ಅವ್ವ ಒಂದು ಮಳೆಗಾಲದಲ್ಲಿ ಅದನ್ನು ಒಲೆಗೆ ಇಟ್ಟರಂತೆ. “ಒಳ್ಳೆ ಬಿದಿರು, ಅನ್ನ ಬೇಗ ಬೆಂತು” ಅಂದ್ರು. ನಕ್ಕೇ ಹೇಳಿದ್ರು. ನನಗೆ ನಗು ಬರಲಿಲ್ಲ.

ಕೃಷ್ಣಗಿರಿಯ ಹತ್ತಿರದ ಮಯಿಲಾಡುಂಪಾರೈ ಉತ್ಖನನದಿಂದ ಈ ಭಾಗದಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 2172ರಷ್ಟು ಹಳೆಯದು ಅಂತ 2022ರಲ್ಲಿ ಪ್ರಕಟವಾಯ್ತು. ಕಬ್ಬಿಣ ಮಣ್ಣಿನಲ್ಲಿ ಉಳಿಯುತ್ತೆ. ಬಿದಿರು, ಎಕ್ಕದ ನಾರು, ಗರಿ ಉಳಿಯಲ್ಲ. ಬಿಲ್ಲಿನ ಇತಿಹಾಸಕ್ಕೆ ನಮ್ಮಲ್ಲಿ ಇರೋದು ಮೂರೇ ಆಕರ: ಕಲ್ಲು, ಕಾವ್ಯ, ಕೈ. ಮೊದಲೆರಡನ್ನು ಗ್ರಂಥಾಲಯದಲ್ಲಿ ಓದಬಹುದು. ಮೂರನೆಯದಕ್ಕೆ ವಯಸ್ಸಾಗ್ತಿದೆ. ನನ್ನ ವಿನಂತಿ ಇಷ್ಟೆ: ಗಡಿಸೀಮೆಯ ವೀರಗಲ್ಲುಗಳನ್ನು ದಾಖಲಿಸುವಾಗ ಶಾಸನ ಪಾಠ, ಅಳತೆಗಳ ಜೊತೆಗೆ ‘ಕೈಗಳ ಸ್ಥಿತಿ’ ಅಂತ ಒಂದು ಕಲಮು ಸೇರಿಸೋಣ. ಎಡಗೈ ಎಲ್ಲಿದೆ, ಬಲಗೈ ಎಲ್ಲಿದೆ, ಹೆದೆ ಏರಿದೆಯಾ ಇಳಿದಿದೆಯಾ, ಬಾಣ ಯಾವ ಕಡೆಯಿಂದ ನೆಟ್ಟಿದೆ. ಮತ್ತು ಆ ಪಟ್ಟಿಯನ್ನು ತುಂಬುವ ಮೊದಲು ಒಮ್ಮೆ ಊರಿನ ಹಿರಿಯರಿಗೆ ತೋರಿಸೋಣ. ಓದು ಬಾರದ ಜನ ಬಿಲ್ಲು ನೋಡಿ ವೇಡಿಯಪ್ಪನ್ ಅಂದರಲ್ಲ, ಅವರು ಕಲ್ಲನ್ನು ನನಗಿಂತ ಮೊದಲೇ ಸರಿಯಾಗಿ ಓದಿದ್ದರು.

ಚರ್ಚೆ

ಅಧ್ಯಾಪಕರೊಬ್ಬರು: ನಿಮ್ಮ ಬಿದಿರಿನ ಬಿಲ್ಲು ಈ ಶತಮಾನದ್ದು. ಅದರ ಅನುಭವದಿಂದ ಸಾವಿರ ವರ್ಷದ ಹಿಂದಿನ ಯುದ್ಧದ ಬಗ್ಗೆ ಹೇಳೋದು ಎಷ್ಟು ಸರಿ?

ಉತ್ತರ: ಒಳ್ಳೆಯ ಪ್ರಶ್ನೆ ಸರ್. ಹಾಗೆ ನಡೆಯಿತು ಅಂತ ನನ್ನ ಅನುಭವ ಹೇಳಲಾರದು. ಹಾಗೆ ನಡೆಯಲು ಸಾಧ್ಯವಿಲ್ಲ ಅಂತ ಹೇಳಬಲ್ಲದು. ಕತ್ತಿ ಹಿಡಿದ ಕೈ ಹೆದೆ ಎಳೆಯಲಾರದು, ಇದು ಯಾವ ಶತಮಾನದಲ್ಲೂ ಅಷ್ಟೆ. ತಪ್ಪು ಓದನ್ನು ತೆಗೆದುಹಾಕುವುದಕ್ಕೆ ಮಾತ್ರ ಈ ಕಲಿಕೆಯನ್ನು ಬಳಸಿದ್ದೀನಿ. ಆಮೇಲಿನದು ಶಾಸನ, ಶಿಲ್ಪಗಳ ತುಲನೆಯಿಂದ ಬರಬೇಕಾದ್ದು.

ವಿದ್ಯಾರ್ಥಿನಿಯೊಬ್ಬರು: ಗ್ರೀಕರು ವರ್ಣಿಸಿದ ಭಾರತೀಯ ಬಿಲ್ಲು ಮತ್ತು ನಮ್ಮ ಕಲ್ಲುಗಳ ಬಿಲ್ಲು ಒಂದೇ ಬಗೆಯದಾ?

ಉತ್ತರ: ಅರಿಯನ್‌ನ ಇಂಡಿಕಾದಲ್ಲಿ ಬರುವುದು ಆಳೆತ್ತರದ ಬಿಲ್ಲು, ನೆಲಕ್ಕೆ ಊರಿ ಎಡಗಾಲಲ್ಲಿ ಒತ್ತಿ ಎಳೆಯುವಂಥದ್ದು. ಅದು ನಿಂತ ಸೈನ್ಯದ ಬಿಲ್ಲು. ಓಡುವ ದನದ ಹಿಂದೆ ಪೊದೆಯಲ್ಲಿ ಓಡುವವನಿಗೆ ಅದು ಅಡ್ಡಿ. ಬಿಲ್ಲಿನ ಉದ್ದ ನೋಡಿದರೆ ಅದು ಯಾವ ಕೆಲಸಕ್ಕೆ ಅಂತ ಹೇಳಬಹುದು, ಹಾಗಾಗಿ ಕಲ್ಲಿನಲ್ಲಿ ವೀರನ ಎತ್ತರಕ್ಕೆ ಹೋಲಿಸಿ ಬಿಲ್ಲಿನ ಉದ್ದವನ್ನೂ ಅಳೆಯಬೇಕು. ಮುಂದಿನ ಕೆಲಸ ಅದೇ.

ಸಹ ಸಂಶೋಧಕರೊಬ್ಬರು: ಆ ಹಳೆಯ ಪ್ರಬಂಧದ ವಾಕ್ಯ ಏನಾಯ್ತು?

ಉತ್ತರ: ವಿಭಾಗಕ್ಕೆ ತಿದ್ದುಪಡಿಯ ಒಂದು ಹಾಳೆ ಕೊಟ್ಟೆ, ಪ್ರಬಂಧದ ಹಿಂದೆ ಅಂಟಿಸಿದ್ದಾರೆ. ಈಗ ವಾಕ್ಯ ಹೀಗಿದೆ: ‘ವೀರನ ಎಡಗೈಯಲ್ಲಿ ಹೆದೆಯೇರಿದ ಬಿಲ್ಲಿದೆ, ಬಲಗೈಯಲ್ಲಿ ಕತ್ತಿಯಿದೆ. ಅವನು ಬಾಣ ಬಿಡುತ್ತಿಲ್ಲ.’ ತಾತನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹ್ಞೂಂ, ಈಗ ಸರಿ” ಅಂದ್ರು. ಅಷ್ಟೇ.